ಆ್ಯಪ್ ಬರೆಯುವ ಮೊದಲು, ಆ ಹೊತ್ತನ್ನು ಕಂಡವರನ್ನು ಕೇಳಿ

ಪ್ರಶ್ನೆ: ನಾವು ಶಿವಮೊಗ್ಗದ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಸಾಯುವ ಯೋಚನೆ ಬಂದಾಗ ಕೈಗೆ ಸಿಗುವಂಥ ಒಂದು ಆ್ಯಪನ್ನು ನಮ್ಮ ಕಡೆಯವರಿಗಾಗಿ ಮಾಡುತ್ತಿದ್ದೇವೆ. ಮನೋವೈದ್ಯರೊಬ್ಬರು ನೋಡಿ ಒಪ್ಪಿದ್ದಾರೆ. ಈ ಕಷ್ಟ ದಾಟಿ ಬಂದವರನ್ನೂ ಕೇಳಿ ಅಂತ ಕೆಲವರು ಹೇಳುತ್ತಾರೆ. ಹಳೆಯದನ್ನು ಕೆದಕಿದ ಹಾಗೆ ಆಗಲ್ವಾ? ಆ್ಯಪ್ ಪೂರ್ತಿ ಆದ ಮೇಲೆ ತೋರಿಸಿದರೆ ಸಾಕಾ?

ಉತ್ತರ: ಸಾಲದು. ಪೂರ್ತಿ ಆದ ಮೇಲೆ ತೋರಿಸಿದರೆ ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಬಣ್ಣ ಚೆನ್ನಾಗಿದೆ ಅಂತ ಹೇಳಿ ಎದ್ದು ಹೋಗುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿದ ಹುಡುಗರ ಮುಂದೆ ಇದು ನನಗೆ ಉಪಯೋಗಕ್ಕೆ ಬರಲ್ಲ ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ.

ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ಶಾಲೆಯ ಕೋಣೆಯಲ್ಲಿ ಇಂಥದೇ ಆ್ಯಪಿನ ಮಾದರಿ ಹಿಡಿದು ಏಳು ಜನರ ಜೊತೆ ಕೂತಿದ್ದೆ. ಏಳೂ ಜನ ಅಂಚಿಗೆ ಹೋಗಿ ವಾಪಸ್ ಬಂದವರು. ಮೊದಲು ಬೆರಳಚ್ಚು ಕೊಡಿ ಅಂತ ಆ್ಯಪ್ ಕೇಳಿತು. ಒಬ್ಬ ಹೆಂಗಸು ಹೆಬ್ಬೆರಳಿಟ್ಟರು. ತಗೊಳ್ಳಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಅಡಿಕೆ ಸುಲಿದು ಸುಲಿದು ಬೆರಳು ಚೊಗರಿಗೆ ಕಪ್ಪಾಗಿತ್ತು, ಗೆರೆಗಳೇ ಸವೆದಿದ್ದವು. ಬೆರಳಚ್ಚು ಬಿಟ್ಟು ಮುಂದೆ ಹೋದರೆ ಒಟಿಪಿ ಕೇಳಿತು. ಅವರು ಫೋನ್ ಕೆಳಗಿಟ್ಟು, "ನಮ್ಮನೇಲಿ ಮೆಸೇಜ್ ಬರ್ಬೇಕಾದ್ರೆ ಗುಡ್ಡ ಹತ್ಬೇಕು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡ್ಕೊಂಡು ಹತ್ಲಾ ನಾನು?" ಅಂದರು.

ಇನ್ನೂ ಒಂದು ಸಂಗತಿ ಅವರೇ ಹೇಳಿದ್ದು. ದಿನಾ ಸಂಜೆ "ಇವತ್ತು ಮನಸ್ಸು ಹೇಗಿದೆ?" ಅಂತ ಫೋನಿನ ಮೇಲೆ ಮೂಡುವ ಹಾಗೆ ಆ್ಯಪಿನಲ್ಲಿ ಮಾಡಿತ್ತು. ಒಳ್ಳೆಯ ಉದ್ದೇಶವೇ. ಆದರೆ ಆ ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಗಂಡ, ಮಾವ, ಮಗಳು ಎಲ್ಲರ ಕೈಗೂ ಹೋಗುತ್ತೆ. ಆ ಒಂದು ಸಾಲು ಕಂಡರೆ ಸಾಕು, ಮನೆಯಲ್ಲಿ ಏನೇನು ಪ್ರಶ್ನೆ ಏಳುತ್ತೆ ಅಂತ ಅವರಿಗೆ ಗೊತ್ತು. ಕೋಣೆಯಲ್ಲಿದ್ದ ವೈದ್ಯರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಸಂಕಟ ನೆತ್ತಿಗೇರಿದಾಗ ತಲೆ ಬೇರೆ ಥರ ಕೆಲಸ ಮಾಡುತ್ತದೆ. ಉದ್ದ ಓದೋಕಾಗಲ್ಲ, ಐದರಲ್ಲಿ ಒಂದು ಆರಿಸೋಕಾಗಲ್ಲ. ನೀವು ಕಾಲೇಜಿನಲ್ಲಿ ಚಹಾ ಕುಡೀತಾ ಪರೀಕ್ಷೆ ಮಾಡಿದರೆ ಇದು ತಿಳಿಯುವುದಿಲ್ಲ, ಆ ಹೊತ್ತನ್ನು ಕಂಡವರಿಗೇ ಗೊತ್ತು. ಅಂದು ಏಳೂ ಜನ ಕೇಳಿದ್ದು ಒಂದೇ: ತೆರೆದ ಕೂಡಲೇ ಒಂದು ದೊಡ್ಡ ಗುಂಡಿ, ಒತ್ತಿದರೆ ಮನುಷ್ಯರ ದನಿ. ಸಿಗ್ನಲ್ ಸಿಗುವ ಕಡೆ ಇದು ಕಷ್ಟವೇನಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ಇದೆ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಗುಂಡಿ ಇಂಟರ್ನೆಟ್ ಇಲ್ಲದೆಯೇ ಫೋನಿನಿಂದ ಈ ನಂಬರಿಗೆ ನೇರ ಕರೆ ಹೋಗುವಂತಿರಲಿ. ಲಾಗಿನ್ ಆಮೇಲೆ, ಅಥವಾ ಬೇಡವೇ ಬೇಡ.

ಇನ್ನು ಕೆದಕುವ ಭಯ. ಸಾಯುವ ಯೋಚನೆ ಬಂದಿತ್ತಾ ಅಂತ ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟಲ್ಲ, ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಕೇಳುವ ರೀತಿ ಕೆಟ್ಟದಾದರೆ ಮಾತ್ರ ನೋವಾಗುತ್ತೆ. ಈಗ ಸಂಕಟದ ನಡುವೆ ಇರುವವರನ್ನು ಕರೆಯಬೇಡಿ, ಅವರಿಗೆ ಈಗ ಬೇಕಿರುವುದು ನೆರವು. ದಾಟಿ ಸ್ವಲ್ಪ ಕಾಲ ಆದವರನ್ನು ಕರೆಯಿರಿ. ಏನಾಯಿತು ಅಂತ ಕಥೆ ಕೇಳಬೇಡಿ, ಆ ಹೊತ್ತಿನಲ್ಲಿ ಫೋನ್ ಎಲ್ಲಿತ್ತು, ಯಾರಿಗೆ ಕರೆ ಮಾಡಬೇಕು ಅನ್ನಿಸಿತು, ಯಾಕೆ ಮಾಡಲಿಲ್ಲ ಅಂತ ಕೇಳಿ. ಆಪ್ತಸಮಾಲೋಚಕರೊಬ್ಬರು ಕೋಣೆಯಲ್ಲೇ ಇರಲಿ. ಮಧ್ಯದಲ್ಲಿ ಎದ್ದು ಹೋದರೆ ಕಾರಣ ಕೇಳಬೇಡಿ. ಮರುದಿನ ಒಂದು ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸಿ. ಶುರು ಮಾಡುವ ಮೊದಲೇ ಹತ್ತಿರದ ಮೆಡಿಕಲ್ ಕಾಲೇಜಿನ ನೈತಿಕ ಸಮಿತಿಯ (ಜನರನ್ನು ಸೇರಿಸಿಕೊಂಡು ಮಾಡುವ ಅಧ್ಯಯನ ಸರಿಯಿದೆಯಾ ಅಂತ ನೋಡುವ ಸಮಿತಿ) ಒಪ್ಪಿಗೆ ಪಡೆಯಿರಿ.

ದುಡ್ಡು ಕೊಡಿ. ಇದನ್ನು ಒತ್ತಿ ಹೇಳುತ್ತೇನೆ. ಕೊಯ್ಲಿನ ದಿನ ಒಬ್ಬರು ಬಂದು ಕೂತರೆ ಅವರ ಒಂದು ದಿನದ ಕೂಲಿ ಹೋಯಿತು. ಕೂಲಿ, ಬಸ್ ಚಾರ್ಜು, ಊಟ ಮೂರೂ ನಿಮ್ಮದೇ ಖರ್ಚಾಗಿರಲಿ. ನಿಮಗೆ ಕೋಡ್ ಬರುವ ಹಾಗೆ ಅವರಿಗೆ ಈ ವಿಷಯ ಬರುತ್ತೆ, ಅದಕ್ಕೇ ಕರೆಯುತ್ತಿದ್ದೀರಿ ಅಲ್ವಾ? ಬೇಡ ಅಂತ ಅವರು ಹೇಳಿದ್ದನ್ನು ತೆಗೆದುಹಾಕುವ ಧೈರ್ಯವೂ ನಿಮಗಿರಬೇಕು.

ಸುರಕ್ಷತಾ ಯೋಜನೆಯ ಭಾಗ ನಿಮ್ಮ ಆ್ಯಪಿನಲ್ಲೂ ಇರುತ್ತೆ ಅಂದುಕೊಂಡಿದ್ದೇನೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ, ಸಂಕಟದ ಹೊತ್ತಿಗೆ ಅಂತ ಮೊದಲೇ ಬರೆದಿಡುವ ಪಟ್ಟಿ ಅದು: ಅಪಾಯದ ಸುಳಿವೇನು, ಮನಸ್ಸು ಬೇರೆ ಕಡೆ ತಿರುಗಿಸೋದು ಹೇಗೆ, ಯಾರ ಹತ್ತಿರ ಹೋಗಬೇಕು, ಅಪಾಯದ ವಸ್ತು ದೂರ ಇಡೋದು ಹೇಗೆ. ಪಟ್ಟಿ ಬಹಳ ಒಳ್ಳೆಯದು. ಆದರೆ ಉದಾಹರಣೆಗಳನ್ನು ಸುಮ್ನೆ ಕನ್ನಡಕ್ಕೆ ತಿರುಗಿಸಬೇಡಿ. ನಮ್ಮ ಮಾದರಿಯಲ್ಲಿ ಕಾಫಿ ಶಾಪಿಗೆ ಹೋಗಿ ಅಂತ ಇತ್ತು. ಪಕ್ಕದ ಮನೆಯೇ ತೋಟ ದಾಟಿ ಅರ್ಧ ಮೈಲಿ ಇರುವ ಕಡೆ! ಅಲ್ಲಿ ಕೂತಿದ್ದ ಒಬ್ಬರು ಆ ಜಾಗದಲ್ಲಿ ಬರೆದದ್ದು: ಕೊಟ್ಟಿಗೆಗೆ ಹೋಗಿ ಗೌರಿಯ ಮೈ ತಿಕ್ಕುವುದು. ತೋಟದ ಔಷಧಿ ಇಡುವ ಪೆಟ್ಟಿಗೆಯ ಬೀಗದ ಕೈ ಅಣ್ಣನ ಹತ್ತಿರ ಇರಲಿ ಅಂತ ಬರೆದವರೂ ಅವರೇ.

ಆ್ಯಪಿನಲ್ಲಿ ಬರೆದರೆ ಪೊಲೀಸರಿಗೆ ಹೋಗುತ್ತಾ ಅಂತ ಖಂಡಿತ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ಥರ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಇದನ್ನು ಎರಡು ಸಾಲಿನಲ್ಲಿ ಮೊದಲೇ ಬರೆಯಿರಿ. ಬರೆದದ್ದು ಯಾರ ಕಣ್ಣಿಗೆ ಬೀಳುತ್ತೆ, ಎಲ್ಲಿ ಉಳಿಯುತ್ತೆ ಅನ್ನುವುದನ್ನೂ ಬರೆಯಿರಿ.

ಮೊದಲ ಸಭೆ ಮಳೆ ಹಿಡಿಯುವ ಮುಂಚೆ ಇಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಬೇಡ, ಮನೋರೋಗ ವಿಭಾಗದ ಬಾಗಿಲಲ್ಲಿ ಊರಿನವರ ಕಣ್ಣಿಗೆ ಬಿದ್ದರೆ ಮತ್ತೆ ಬರುವುದಿಲ್ಲ. ಲ್ಯಾಪ್‌ಟಾಪ್ ಒಯ್ಯಬೇಡಿ. ಬಿಳಿ ಹಾಳೆ, ಪೆನ್ಸಿಲ್ ಸಾಕು. ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಟ್ಟುಕೊಂಡು, ಅದಕ್ಕೆ ಅರ್ಧ ಗಂಟೆ ಮುಂಚೆ ಮುಗಿಸಿ.