ಟೆಲಿಸ್ಕ್ರೀನಿನ ಹಿಂದೆ ಯಾರೂ ಇಲ್ಲದಿದ್ದರೂ

ಪ್ರತಿಯೊಬ್ಬರನ್ನೂ ಹಗಲಿರುಳು ನೋಡುತ್ತಿರಲು ಬೇಕಾದಷ್ಟು ಪೊಲೀಸರು ಎಲ್ಲಿಯೂ ಇರಲಾರರು, ಹಾಗಿರುವಾಗ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ಜನ ಟೆಲಿಸ್ಕ್ರೀನಿಗೆ, ಅಂದರೆ ಮನೆಯೊಳಗೂ ತಮ್ಮನ್ನು ನೋಡಬಲ್ಲ, ಕೇಳಬಲ್ಲ ಗೋಡೆಯ ಪರದೆಗೆ, ಅಷ್ಟೊಂದು ಅಂಜುವುದು ನಂಬುವಂತಿದೆಯೇ ಎಂದು ನೀವು ಕೇಳಿದ್ದೀರಿ. 1949ರಲ್ಲಿ ಪ್ರಕಟವಾದ ಆ ಕೃತಿಯ ನಿಜವಾದ ಭೀಕರತೆ ಇರುವುದು ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಈ ಕ್ಷಣದಲ್ಲಿ ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿಳಿಯುವ ದಾರಿಯೇ ಇಲ್ಲದವನು, ಸದಾ ನೋಡುತ್ತಿದ್ದಾರೆಂದೇ ಭಾವಿಸಿ ಬದುಕಬೇಕಾಗುತ್ತದೆ. ಕ್ರಮೇಣ ತನ್ನ ಮುಖಭಾವವನ್ನೂ ಕಾಯುವ ಪಹರೆಯವನು ಅವನೇ ಆಗುತ್ತಾನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್ ರೂಪಿಸಿದ ವೃತ್ತಾಕಾರದ ಸೆರೆಮನೆಯ ತರ್ಕವೂ ಇದೇ: ಕೈದಿಗಳೆಲ್ಲ ನಡುಗೋಪುರದ ಕಾವಲುಗಾರನಿಗೆ ಕಾಣಬೇಕು, ಅವನು ಮಾತ್ರ ಅವರಿಗೆ ಕಾಣಿಸಬಾರದು.

ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ಕಾದಂಬರಿಯ ನಾಯಕ ವಿನ್‌ಸ್ಟನ್ ದಿನಚರಿ ಬರೆಯುವುದು ಅಲ್ಲಿ ಕಾನೂನುಬಾಹಿರವಲ್ಲ, ಏಕೆಂದರೆ ಕಾನೂನುಗಳೇ ಉಳಿದಿಲ್ಲ. ಆದರೂ ಸಿಕ್ಕಿಬಿದ್ದರೆ ಮರಣದಂಡನೆ, ಇಲ್ಲವೇ ಕನಿಷ್ಠ 25 ವರ್ಷಗಳ ದುಡಿಮೆಯ ಶಿಬಿರ ಬಹುತೇಕ ಖಚಿತ. ಗೆರೆ ಎಲ್ಲಿದೆಯೆಂದು ಗೊತ್ತಿದ್ದರೆ ಮನುಷ್ಯ ಅದರ ಈಚೆಗೆ ನಿಂತು ಸ್ವಲ್ಪವಾದರೂ ಉಸಿರಾಡಬಲ್ಲ, ಆದರೆ ವಿನ್‌ಸ್ಟನ್‌ಗೆ ಅಂಥ ಗೆರೆಯೇ ಇಲ್ಲ. ಆದ್ದರಿಂದಲೇ ಟೆಲಿಸ್ಕ್ರೀನಿನ ಕಣ್ಣಿಗೆ ಬೀಳದ ಮೂಲೆಯಲ್ಲಿ ಕುಳಿತಿದ್ದರೂ, ಲೇಖನಿಯನ್ನು ಮಸಿಯಲ್ಲಿ ಅದ್ದಿದ ಮೇಲೂ, ಅವನು ಅರೆಕ್ಷಣ ತಡವರಿಸುತ್ತಾನೆ.