ಪ್ರಶ್ನೋತ್ತರ: ಥ್ರಾಟಲ್ ಬಿಟ್ಟರೂ ಇಳಿಯದ ಐಡ್ಲಿಂಗ್

ಪ್ರಶ್ನೆ: ನನ್ನ ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಬಗ್ಗಿಯದು 3.5 ಸಿಸಿ ನೈಟ್ರೋ (ನೈಟ್ರೋಮೀಥೇನ್ ಬೆರೆತ ಇಂಧನದ) ಎಂಜಿನ್. ಜೋರಾಗಿ ಓಡಿಸಿ ಥ್ರಾಟಲ್ ಬಿಟ್ಟರೆ ನಾಲ್ಕೈದು ಸೆಕೆಂಡು ರೇಸ್ ಆಗುತ್ತಲೇ ಇರುತ್ತದೆ. ಐಡಲ್ ಸ್ಕ್ರೂ ಸಡಿಲಿಸಿದರೆ ನಿಂತೇಹೋಗುತ್ತದೆ. ಏನು ಮಾಡಲಿ?

ಉತ್ತರ: ಆ ಸ್ಕ್ರೂವನ್ನು ಸದ್ಯಕ್ಕೆ ಮುಟ್ಟಬೇಡಿ. ಅದು ಕಾರ್ಬ್‌ನ (ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್‌ನ) ಬಾಯಿ ಎಷ್ಟು ತೆರೆದಿರಬೇಕೆಂದು ನಿಗದಿ ಮಾಡುತ್ತದೆ, ಅಷ್ಟೆ. ಥ್ರಾಟಲ್ ಬಿಟ್ಟಾಗ ಸುಮಾರು 1 ಮಿ.ಮೀ. ಸಂದು ಇದ್ದರೆ ಸರಿ. ನಿಮ್ಮ ಎಂಜಿನ್ ಲೀನ್ ಆಗಿದೆ. ಒಳಗೆ ಹೋಗುವ ಗಾಳಿಗೆ ಇಂಧನ ಸಾಲುತ್ತಿಲ್ಲ. ಇಂಧನದ ಜೊತೆಗೇ ಎಣ್ಣೆಯೂ ಹೋಗುವುದರಿಂದ ಹೀಗೇ ಓಡಿಸಿದರೆ ಪಿಸ್ಟನ್, ಅದು ಓಡಾಡುವ ಕೊಳವೆಯಾದ ಸ್ಲೀವ್ ಎರಡೂ ಸವೆಯುತ್ತವೆ.

ಸೂಜಿ (ಇಂಧನದ ಪ್ರಮಾಣ ಹೊಂದಿಸುವ, ಕಾರ್ಬ್‌ನಲ್ಲಿರುವ ಸ್ಕ್ರೂ) ತಿರುಗಿಸುವ ಮೊದಲು ಗಾಳಿ ಸೋರಿಕೆ ನೋಡಿ. ಕಾರ್ಬ್‌ನ ಬುಡ, ಹಿಂಬದಿಯ ಪ್ಲೇಟ್, ಟ್ಯಾಂಕಿನ ಮುಚ್ಚಳದ ರಬ್ಬರ್, ಇಂಧನದ ಪೈಪಿನ ಸಣ್ಣ ತೂತು ಇವೇ ಮಾಮೂಲಿ ಜಾಗಗಳು. ಖಾಲಿ ಟ್ಯಾಂಕನ್ನು ಬಿಚ್ಚಿ, ಒಂದು ಪೈಪ್ ಮುಚ್ಚಿ, ನೀರಲ್ಲಿ ಮುಳುಗಿಸಿ ಇನ್ನೊಂದರಿಂದ ಗಾಳಿ ಹೊಡೆಯಿರಿ. ಗುಳ್ಳೆ ಎದ್ದಲ್ಲಿ ತೂತು. ಸೋರಿಕೆ ಉಳಿಸಿಕೊಂಡು ಟ್ಯೂನ್ ಮಾಡುವುದು ವ್ಯರ್ಥ, ಇವತ್ತಿನ ಸೆಟ್ಟಿಂಗ್ ನಾಳೆ ಇರುವುದಿಲ್ಲ.

ಸೋರಿಕೆ ಇಲ್ಲವೆಂದಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಮೊದಲು ಹೈಸ್ಪೀಡ್ ಸೂಜಿ (ಜೋರು ಓಟದ ಇಂಧನಕ್ಕೆ) ಸರಿಮಾಡಿ. ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ರಿಚ್ (ಇಂಧನ ಹೆಚ್ಚು). ಒಂದು ಸಲಕ್ಕೆ ಗಡಿಯಾರದ ಒಂದು ಗಂಟೆಯಷ್ಟು, ಅಂದರೆ ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು. ಪೂರ್ಣ ವೇಗದಲ್ಲೂ ಸೈಲೆನ್ಸರ್‌ನಿಂದ ತೆಳು ಹೊಗೆ ಎಳೆ ಕಾಣುತ್ತಿರಬೇಕು. ಗ್ಲೋ ಪ್ಲಗ್ (ಇಂಧನ ಹೊತ್ತಿಸುವ, ಬಿಸಿ ತಂತಿಯ ಪ್ಲಗ್) ಬಳಿ 105ರಿಂದ 120 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯವಾಗಿ ಕ್ಷೇಮ. ಆದರೆ ಹೊಗೆಯೇ ಇಲ್ಲದಿದ್ದರೆ ಥರ್ಮಾಮೀಟರ್ ಏನೇ ತೋರಿಸಲಿ, ನಂಬಬೇಡಿ.

ಆಮೇಲೆ ಲೋಸ್ಪೀಡ್ ಸೂಜಿ (ಐಡ್ಲಿಂಗ್‌ನ ಇಂಧನಕ್ಕೆ). ನಿಮ್ಮ ತೊಂದರೆ ಬಹುತೇಕ ಇಲ್ಲೇ ಇದೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಇಂಧನದ ಪೈಪನ್ನು ಕಾರ್ಬ್ ಪಕ್ಕದಲ್ಲೇ ಬೆರಳಲ್ಲಿ ಒತ್ತಿ ಹಿಡಿಯಿರಿ. ವೇಗ ತುಸುವೇ ಏರಿ 2–3 ಸೆಕೆಂಡಿಗೆ ಎಂಜಿನ್ ನಿಂತರೆ ಸರಿಯಾಗಿದೆ. ಒತ್ತಿದ ತಕ್ಷಣ ನಿಂತರೆ ಲೀನ್, ಎಡಕ್ಕೆ ಒಂದು ಗಂಟೆಯಷ್ಟು ತಿರುಗಿಸಿ. ತುಂಬ ಹೊತ್ತು ರೇಸ್ ಆಗಿ ನಿಂತರೆ ರಿಚ್. ಸೂಜಿ ಸರಿಯಾದ ಮೇಲೆ ಐಡ್ಲಿಂಗ್ ಇಳಿದಿರುತ್ತದೆ. ಈಗ ಐಡಲ್ ಸ್ಕ್ರೂ ಸ್ವಲ್ಪ ಬಿಗಿಮಾಡಿ. ನೀವು ಇಷ್ಟು ದಿನ ಮಾಡಿದ್ದು ಇದರ ತಲೆಕೆಳಗು.

ಗ್ಲೋ ಪ್ಲಗ್ ಒಮ್ಮೆ ಬಿಚ್ಚಿ ನೋಡಿ. ಒಳಗಿನ ತಂತಿಸುರುಳಿ ಬೂದುಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ದರೆ ಲೀನ್ ಓಟ ತಿಂದ ಪ್ಲಗ್ ಅದು, ಬದಲಿಸಿ.

ಪ್ರಶ್ನೆ: ಬೆಳಿಗ್ಗೆ ಸರಿಮಾಡಿದ ಟ್ಯೂನಿಂಗ್ ಮಧ್ಯಾಹ್ನಕ್ಕೆ ಮಂಕಾಗುತ್ತದೆ. ಯಾಕೆ?

ಉತ್ತರ: ಗಾಳಿ ಬಿಸಿಯಾದಂತೆ ತೆಳುವಾಗುತ್ತದೆ, ಅಷ್ಟೇ ಇಂಧನ ಈಗ ಹೆಚ್ಚಾಗುತ್ತದೆ. ಹೈಸ್ಪೀಡ್ ಸೂಜಿಯನ್ನು ಒಂದು ಗಂಟೆಯಷ್ಟು ಬಲಕ್ಕೆ ತಿರುಗಿಸಿ. ಆದರೆ ಮರುದಿನ ಬೆಳಗಿನ ತಂಪಿನಲ್ಲಿ ಸ್ಟಾರ್ಟ್ ಮಾಡುವ ಮೊದಲು ಅದನ್ನು ಎಡಕ್ಕೆ ವಾಪಸ್ ತಿರುಗಿಸಿಕೊಳ್ಳಿ.