ಕುಶಾಲನಗರದ ಬಿಸಿಲು ನಂಬಿ ಬರಬೇಡಿ

ಓದುಗರ ಪತ್ರ:
‘ಸಂಪಾದಕರಿಗೆ ನಮಸ್ಕಾರ. ಮೇ ಸಂಚಿಕೆಯಲ್ಲಿ ಕೊಡಗಿನ ಒಳಭಾಗದ ಒಂದು ಅಬ್ಬಿಯ (ಜಲಪಾತದ) ಬಗ್ಗೆ ಬರೆದಿದ್ದಿರಿ. ಓದಿ ಹುಚ್ಚು ಹಿಡಿದಂತಾಯಿತು. ಆದರೆ ಊರು ಯಾವುದು, ದಾರಿ ಯಾವುದು ಎಂಬುದನ್ನೇ ಬರೆದಿಲ್ಲ. ಓದುಗರ ಮೇಲೆ ಅಷ್ಟೂ ನಂಬಿಕೆಯಿಲ್ಲವೇ? ಜುಲೈ ಕೊನೆಯ ವಾರ ನಾವು ಆರು ಮಂದಿ ಗೆಳೆಯರು ಬರುತ್ತಿದ್ದೇವೆ. ಇಬ್ಬರಿಗೆ ಈಜು ಬಾರದು, ಉಳಿದವರು ಗಟ್ಟಿಗರು. ದಯವಿಟ್ಟು ದಾರಿ ತಿಳಿಸಿ. ಜಿಗಣೆ ಬಹಳ ಎಂದು ಕೇಳಿದ್ದೇವೆ, ಅದಕ್ಕೆ ಏನು ಹಚ್ಚಿಕೊಳ್ಳಬೇಕು, ಕಚ್ಚಿದರೆ ಏನು ಮಾಡಬೇಕು ಎಂಬುದನ್ನೂ ತಿಳಿಸಿ.’
– ಒಬ್ಬ ಓದುಗ, ಮೈಸೂರು

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಜಿಗಣೆಗೆ ಎರಡು ಪ್ರಶ್ನೆ ಇವೆ, ನೀರಿನ ಬಗ್ಗೆ ಒಂದೂ ಇಲ್ಲ. ಈ ಉತ್ತರ ಉದ್ದವಾಗುವುದಕ್ಕೆ ಅದೇ ಕಾರಣ.

ಮೊದಲು ನಿಮ್ಮ ಸಿಟ್ಟಿಗೆ ಉತ್ತರ ಕೊಟ್ಟುಬಿಡುತ್ತೇನೆ. ದಾರಿ ಬರೆಯದೆ ಬಿಟ್ಟದ್ದು ಮರೆವಿನಿಂದಲ್ಲ. ಆ ಅಬ್ಬಿಗೆ ದಾರಿ ಎಂದರೆ ಮೂರು ಮನೆಯವರ ಅಂಗಳ, ಒಂದು ಕಾಫಿ ತೋಟ, ಗದ್ದೆಯ ಬದು, ಆಮೇಲೆ ದೇವರಕಾಡಿನ ಅಂಚು. ಕೊಡಗಿನಲ್ಲಿ ಇಂಥ ದೇವರಕಾಡುಗಳು 1,200ಕ್ಕೂ ಹೆಚ್ಚು ಇವೆ. ಕೊಡಲಿ ಒತ್ತಟ್ಟಿಗಿರಲಿ, ಎಷ್ಟೋ ಕಡೆ ಚಪ್ಪಲಿಯನ್ನೂ ಒಳಗೆ ಒಯ್ಯುವುದಿಲ್ಲ. ಹಿಂದೊಮ್ಮೆ ಇದೇ ಪತ್ರಿಕೆಯಲ್ಲಿ ಬೇರೊಂದು ಅಬ್ಬಿಯ ದಾರಿಯನ್ನು ತಿರುವು ತಿರುವೂ ಬಿಡದೆ ಬರೆದಿದ್ದೆವು. ಮುಂದಿನ ಮಳೆಗಾಲ ನಾಟಿಗೆ ಇಳಿದ ಹೆಂಗಸೊಬ್ಬರ ಅಂಗಾಲಿಗೆ ಬಿಯರ್ ಬಾಟಲಿಯ ಚೂರು ಹೊಕ್ಕಿತು. ಗದ್ದೆಯ ಯಜಮಾನರು ಆ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಹೋದರು. ಅದು ಈಗಲೂ ನನ್ನ ಡ್ರಾಯರಿನಲ್ಲಿದೆ. ನಿಮ್ಮನ್ನು ನಂಬುತ್ತೇನೆ. ಅಚ್ಚಾದ ದಾರಿಯನ್ನು ನೀವೊಬ್ಬರೇ ಓದುವುದಿಲ್ಲವಲ್ಲ, ಅದೇ ಕಷ್ಟ.

ಇನ್ನು ಜುಲೈ ಕೊನೆಯ ವಾರ. ಬರಬೇಡಿ.

ಏಕೆ ಎಂದು ಹೇಳುತ್ತೇನೆ. ನೀವು ಮೈಸೂರಿನಿಂದ ಹೊರಟು ಬೈಲುಕುಪ್ಪೆ ದಾಟಿ ಕುಶಾಲನಗರದಲ್ಲಿ ಟೀ ಕುಡಿಯಲು ಇಳಿದಾಗ ಆಗಾಗ ಬಿಸಿಲೇ ಇರುತ್ತದೆ. ‘ಮಳೆ ಎಲ್ಲಿದೆ ಮಾರಾಯ’ ಎಂದು ನಿಮ್ಮಲ್ಲೊಬ್ಬರು ಖಂಡಿತ ಹೇಳುತ್ತಾರೆ. ಅಲ್ಲಿಂದ ಮಡಿಕೇರಿಗೆ 30 ಕಿಲೋಮೀಟರ್ ಆಸುಪಾಸು. ಅಷ್ಟು ದೂರದೊಳಗೆ ವರ್ಷದ ಮಳೆ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಮಡಿಕೇರಿಯಲ್ಲಿ ಅದು 3,000 ಮಿಲಿಮೀಟರಿಗೂ ಮೇಲೆ. ಇನ್ನೂ ಪಶ್ಚಿಮಕ್ಕೆ, ಭಾಗಮಂಡಲದ ಕಡೆಗೆ ಹೋದರೆ ಅದಕ್ಕಿಂತಲೂ ಜಾಸ್ತಿ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗ ತಣಿದು, ಹೊತ್ತ ನೀರನ್ನೆಲ್ಲ ನೆತ್ತಿಯ ಮೇಲೆಯೇ ಸುರಿದು, ಪೂರ್ವಕ್ಕೆ ಇಳಿಯುವಾಗ ಬರಿಗೈಯಾಗಿರುತ್ತದೆ. ಕುಶಾಲನಗರದ ಬಿಸಿಲು ಬೆಟ್ಟದ ಸಮಾಚಾರ ಹೇಳುವುದಿಲ್ಲ. ಅದೇ ರೀತಿ ಅಬ್ಬಿಯ ಬುಡದಲ್ಲಿ ನಿಮ್ಮ ಬೆನ್ನಿಗೆ ಬೀಳುವ ಬಿಸಿಲೂ ಹೇಳುವುದಿಲ್ಲ.

ಬಂದವರೆಲ್ಲ ಎಡವುವುದು ಇಲ್ಲಿಯೇ. ನೀವು ನೋಡುವುದು ನಿಮ್ಮ ತಲೆಯ ಮೇಲಿನ ಆಕಾಶವನ್ನು. ಅಬ್ಬಿಗೆ ನೀರು ಬರುವುದು ನಿಮಗೆ ಕಾಣದ ಬೆಟ್ಟದಿಂದ. ಒಂದು ಲೆಕ್ಕ ಹಾಕಿ: ಮೇಲಿನ ಒಂದು ಚದರ ಕಿಲೋಮೀಟರ್ ಜಾಗಕ್ಕೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು 5 ಕೋಟಿ ಲೀಟರ್ ನೀರು. ಜೂನ್ ಮೊದಲಲ್ಲಿ ಒಣಗಿದ ಮಣ್ಣು ಅದರಲ್ಲಿ ಒಂದಿಷ್ಟು ಕುಡಿಯುತ್ತದೆ. ಜುಲೈ ಕೊನೆಯ ಹೊತ್ತಿಗೆ ಮಣ್ಣಿನ ಹೊಟ್ಟೆ ತುಂಬಿರುತ್ತದೆ. ಬಿದ್ದದ್ದರಲ್ಲಿ ಬಹುಪಾಲು ನೇರ ತೋಡಿಗೆ, ಅಂದರೆ ಹಳ್ಳಕ್ಕೆ. ಅದು ನಮಗೆ ಕಕ್ಕಡ ತಿಂಗಳು. ನಾಟಿಯ ಕೆಲಸವೊಂದನ್ನು ಬಿಟ್ಟರೆ ಹಳಬರು ಆಗ ಮನೆ ಬಿಟ್ಟು ಕದಲುತ್ತಿರಲಿಲ್ಲ. ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡಿಕೊಂಡು ಒಲೆಯ ಹತ್ತಿರ ಕೂರುತ್ತಿದ್ದರು.

ನನ್ನ ಬುದ್ಧಿವಂತಿಕೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ವಾರ, ನಾವು ನಾಲ್ವರು ಒಂದು ಅಬ್ಬಿ ನೋಡಲು ಹೋದೆವು. ಉಳಿದುಕೊಂಡಿದ್ದ ಹೋಮ್‌ಸ್ಟೇಯಲ್ಲಿ ‘ಏನೂ ಆಗಲ್ಲ, ಹೋಗಿ ಬನ್ನಿ’ ಎಂದಿದ್ದರು. ಬೆಳಗ್ಗೆ ಹನ್ನೊಂದಕ್ಕೆ ದಾರಿಯಲ್ಲೊಂದು ತೋಡು ದಾಟಿದೆವು. ಪಾದ ಮುಳುಗುವಷ್ಟು ನೀರು, ತಳದ ಕಲ್ಲು ಎಣಿಸಬಹುದು. ಮೂರು ಗಂಟೆಗೆ ವಾಪಸು ಬಂದಾಗ ಅದೇ ತೋಡು ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿ ಸೊಂಟದ ಮಟ್ಟ ಓಡುತ್ತಿತ್ತು. ನಮ್ಮ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಜೊತೆಯಲ್ಲಿದ್ದ ಗೆಳೆಯನೊಬ್ಬ, ಅವನೂ ಗಟ್ಟಿಗ, ಪ್ಯಾಂಟು ಮಡಚತೊಡಗಿದ. ಹತ್ತಿರದ ಲೈನ್‌ಮನೆಯಿಂದ ಬಂದ ತೋಟದ ಕೆಲಸಗಾರರೊಬ್ಬರು ಮಾತಾಡದೆ ಒಂದು ತೆಂಗಿನಕಾಯಿ ತಂದು ನೀರಿಗೆಸೆದರು. ಅದು ಒಮ್ಮೆಲೇ ಮುಳುಗಿ, ಮೂವತ್ತು ಮಾರು ಕೆಳಗೆ ಮೇಲೆದ್ದು, ಬಂಡೆಗೆ ಹೊಡೆದು ಎರಡಾಯಿತು. ‘ಸಾರ್ ತಲೆ ಇದಕ್ಕಿಂತ ಗಟ್ಟಿಯಾ?’ ಎಂದರು. ಗೆಳೆಯ ಪ್ಯಾಂಟು ಇಳಿಸಿದ. ಆ ಮನೆಯಾಕೆ ಕೊಟ್ಟ ಬೆಲ್ಲದ ಕಪ್ಪು ಕಾಫಿ ಕುಡಿಯುತ್ತ ರಾತ್ರಿ ಎಂಟರವರೆಗೆ ಕೂತೆವು. ಘಟ್ಟದ ತೋಡಿನ ಗುಣವೇ ಹಾಗೆ. ಏರುವಷ್ಟೇ ಬೇಗ ಇಳಿಯುತ್ತದೆ. ಕಾಯುವವರಿಗೆ ದಾರಿ ಬಿಡುತ್ತದೆ.

ಅಂದಿನಿಂದ ನೀರಿನ ಹತ್ತಿರ ಕೂತರೆ ಮೊದಲು ಒಂದು ಕಡ್ಡಿಯನ್ನು ನೀರಿನ ಅಂಚಿಗೆ ಸರಿಯಾಗಿ ನೆಡುತ್ತೇನೆ. ಬುತ್ತಿ ಬಿಚ್ಚುವಷ್ಟರಲ್ಲಿ ಕಡ್ಡಿಯ ಬುಡ ಮುಳುಗಿದ್ದರೆ ಬುತ್ತಿ ಕಟ್ಟಿ ಮೇಲೆ ಹತ್ತುವುದು. ತಿಳಿನೀರು ಬಣ್ಣ ತಿರುಗಿದರೆ, ತರಗೆಲೆ ಕಡ್ಡಿ ಒಟ್ಟೊಟ್ಟಾಗಿ ತೇಲಿ ಬಂದರೆ, ಅಬ್ಬಿಯ ದನಿ ದಪ್ಪವಾದರೆ, ಫೋಟೋಕ್ಕೆಂದು ನಿಲ್ಲಬಾರದು. ಇನ್ನೊಂದು ಲಕ್ಷಣ ಇದಕ್ಕೆ ತದ್ವಿರುದ್ಧ: ಜೋರು ಮಳೆಯ ನಡುವೆ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದುಬಿಟ್ಟರೆ ಸಂತೋಷಪಡಬೇಡಿ. ಮೇಲೆಲ್ಲೋ ಬರೆ (ಗುಡ್ಡದ ಕಡಿದಾದ ಮಗ್ಗುಲು) ಕುಸಿದು ನೀರಿಗೆ ಅಡ್ಡ ಕಟ್ಟಿರಬಹುದು. ಅದು ಒಡೆದಾಗ ಮಣ್ಣು ಮರ ಎಲ್ಲ ಒಟ್ಟಿಗೆ ಬರುತ್ತದೆ. ತೋಡು ಬಿಟ್ಟು ಪಕ್ಕದ ಎತ್ತರಕ್ಕೆ ಹೋಗಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಬರೆಗಳು ಇಳಿದದ್ದನ್ನು ಕಂಡವರು, 2020ರಲ್ಲಿ ತಲಕಾವೇರಿಯ ಗಜಗಿರಿ ಜಾರಿದ್ದನ್ನು ಕೇಳಿದವರು, ಈಗಲೂ ರಾತ್ರಿ ಜೋರು ಮಳೆ ಬಂದರೆ ಎದ್ದು ಕೂರುತ್ತೇವೆ. ನೀವು ಕಾರು ನಿಲ್ಲಿಸುವುದಾದರೂ ಬರೆಯ ಬುಡದಲ್ಲಿ ಬೇಡ.

ಈಗ ‘ಗಟ್ಟಿಗರು’ ಎಂಬ ಮಾತಿಗೆ ಬರುತ್ತೇನೆ. ನನಗೆ ಈಜು ಬಾರದ ಇಬ್ಬರ ಚಿಂತೆಯಿಲ್ಲ, ಅವರು ದಡದಲ್ಲಿರುತ್ತಾರೆ. ಉಳಿದ ನಾಲ್ವರದೇ ಚಿಂತೆ. ಕೆರೆಯಲ್ಲೋ ಈಜುಕೊಳದಲ್ಲೋ ಕಲಿತ ಈಜು ಅಬ್ಬಿಯ ಗುಂಡಿಯಲ್ಲಿ ಅರ್ಧ ಉಪಯೋಗಕ್ಕೆ ಬಂದರೆ ಹೆಚ್ಚು. ಅಲ್ಲಿ ಬೆಳ್ಳಗೆ ನೊರೆ ಕಾಣುತ್ತದಲ್ಲ, ಅದರಲ್ಲಿ ಗಾಳಿಯ ಗುಳ್ಳೆಗಳೇ ಜಾಸ್ತಿ. ಅಂಥ ನೀರು ದೇಹವನ್ನು ಸರಿಯಾಗಿ ಎತ್ತಿ ಹಿಡಿಯುವುದಿಲ್ಲ, ಕೈಬೀಸಿದರೆ ಸಿಗುವುದು ನೊರೆ. ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಧಾರೆಯ ಬುಡಕ್ಕೇ ತಿರುಗುತ್ತದೆ. ಸಿಕ್ಕಿದವರನ್ನೂ ಹಾಗೆಯೇ ತಿರುಗಿಸುತ್ತದೆ. ಅಡಿಯಲ್ಲಿ ನೀರು ಕೊರೆದ ಪೊಟರೆಗಳಿರುತ್ತವೆ, ಕಳೆದ ವರ್ಷದ ಮರದ ದಿಮ್ಮಿ ಸಿಕ್ಕಿಕೊಂಡಿರುತ್ತದೆ. ಧಾರೆಯ ಜೊತೆ ಆಗಾಗ ಕಲ್ಲೂ ಬೀಳುತ್ತದೆ. ಚೇಲಾವರದ ಅಬ್ಬಿ ದೂರದಿಂದ ಎಷ್ಟು ಸಾಧು ಕಾಣುತ್ತದೆ! ಅದರ ಗುಂಡಿ ನುಂಗಿದವರಲ್ಲಿ ಈಜು ಬಲ್ಲವರೂ ಇದ್ದಾರೆ.

ಒಬ್ಬ ಜಾರಿದರೆ ಹಿಂದೆಯೇ ಇನ್ನೊಬ್ಬ ಹಾರುತ್ತಾನೆ. ಗೆಳೆತನದ ಸ್ವಭಾವ ಅದು, ಮನೆಗೆ ಎರಡು ಸುದ್ದಿ ಹೋಗುವುದೂ ಅದರಿಂದಲೇ. ಆದ್ದರಿಂದ ಹೊರಡುವ ಮೊದಲೇ ಆರೂ ಜನ ಒಪ್ಪಿಕೊಂಡಿರಬೇಕು: ಯಾರು ಬಿದ್ದರೂ ಯಾರೂ ಹಾರಬಾರದು, ಎಸೆಯಬೇಕು. ಎಸೆಯಲು ಹದಿನೈದು ಇಪ್ಪತ್ತು ಮೀಟರ್ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ಐದು ಲೀಟರ್ ಕ್ಯಾನು. ಅಷ್ಟು ಗಾಳಿ ಒಬ್ಬನ ಮೂಗನ್ನು ನೀರಿನ ಮೇಲಿಡಲು ಸಾಕು. ಹಗ್ಗವನ್ನು ಮಾತ್ರ ಯಾರ ಸೊಂಟಕ್ಕೂ ಕಟ್ಟಬೇಡಿ. ಓಡುವ ನೀರಿನಲ್ಲಿ ಬಿಗಿದ ಹಗ್ಗ ಮನುಷ್ಯನನ್ನು ಅಡಿಗೇ ಒತ್ತುತ್ತದೆ. ಬಿಯರ್ ಬಾಟಲಿಯೇನಾದರೂ ಇದ್ದರೆ ವಾಪಸು ಬಂದು ರೂಮಿನಲ್ಲಿ ತೆಗೆಯಿರಿ. ಹೇಳುವುದು ನನಗೂ ಮುಜುಗರ, ಆದರೆ ಹೇಳದಿದ್ದರೆ ಆ ಡ್ರಾಯರ್ ನೆನಪಾಗುತ್ತದೆ.

ಬಂಡೆಯ ವಿಷಯ. ಒಣಗಿದ ಬಂಡೆಯಲ್ಲಿ ಚೆನ್ನಾಗಿ ಕಚ್ಚುವ ದುಬಾರಿ ಶೂ ಪಾಚಿಯ ಮೇಲೆ ಸೋಪಿನಂತೆ ಜಾರುತ್ತದೆ. ಕಪ್ಪಗೆ ಮಿರಿಮಿರಿ ಮಿಂಚುವ ಕಲ್ಲಿನ ಮೇಲೆ ಕಾಲಿಡಲೇಬೇಡಿ, ಅದರ ಪಕ್ಕದ ಒರಟು ಬೂದು ಕಲ್ಲು ಹುಡುಕಿ. ಅಬ್ಬಿಯ ನೆತ್ತಿಗೆ ಹೋಗಿ ಬಗ್ಗಿ ನೋಡುವ ಚಪಲ ಎಲ್ಲರಿಗೂ ಬರುತ್ತದೆ. ಅಲ್ಲಿ ಹಿಡಿಯಲು ಹುಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಬೀಳುವವರು ಹೆಚ್ಚಾಗಿ ಇಳಿಯುವಾಗ, ಅದೂ ಹಸಿದಿದ್ದಾಗ ಬೀಳುತ್ತಾರೆ ಎಂಬುದು ನನ್ನ ಅನುಭವ. ಎರಡು ಬಾಳೆಹಣ್ಣು ವಾಪಸಿಗೆಂದು ಉಳಿಸಿಕೊಳ್ಳಿ.

ಜಿಗಣೆಯದು ಹೇಳದಿದ್ದರೆ ಬೇಸರಿಸುತ್ತೀರಿ. ಹೊಗೆಸೊಪ್ಪು ನೆನೆಸಿದ ನೀರು, ಬೇವಿನೆಣ್ಣೆ, ಉಪ್ಪಿನ ಪುಟ್ಟ ಗಂಟು, ಯಾವುದಾದರೂ ಆದೀತು. ಉದ್ದ ಕಾಲುಚೀಲದೊಳಗೆ ಪ್ಯಾಂಟು ಸೇರಿಸಿದರೆ ಇನ್ನೂ ಒಳ್ಳೆಯದು. ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಸರಿಸಿ ತೆಗೆಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ವಸ್ತು ಅದರ ಜೊಲ್ಲಿನಲ್ಲಿದೆ, ಹಾಗಾಗಿ ಗಾಯ ಸ್ವಲ್ಪ ಹೊತ್ತು ಒಸರುತ್ತದೆ, ಅಷ್ಟೇ. ಜಿಗಣೆ ಕಂಡು ಕುಣಿದು ಜಾರಿ ಕೈ ಮುರಿದುಕೊಂಡವರನ್ನು ಕಂಡಿದ್ದೇನೆ, ಜಿಗಣೆಯಿಂದ ಸತ್ತವರನ್ನು ಕಂಡಿಲ್ಲ.

ಹಾವಿನದು ಬೇರೆ. ನಮ್ಮ ಕಾಡಿನ ಗುಳಿಮಂಡಲಗಳ ವಿಷಕ್ಕೆ ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ಸರಿಹೊಂದುವುದಿಲ್ಲ; ಅದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಕಾಲನ್ನು ಅಲ್ಲಾಡದಂತಿಟ್ಟು, ಎತ್ತಿಕೊಂಡು ಬೇಗ ಮಡಿಕೇರಿಯ ಆಸ್ಪತ್ರೆ ಸೇರಿ. ಕಾಣದ ಕಲ್ಲಿನ ಸಂದಿಗೆ ಕೈ ಹಾಕದಿದ್ದರೆ ಇಷ್ಟು ದೂರ ಬರುವುದೇ ಇಲ್ಲ. ಆನೆಗೆ ಒಂದೇ ಉಪಾಯ: ಬೆಳಕು ಹರಿದ ಮೇಲೆ ಹೊರಡಿ, ಕತ್ತಲಾಗುವ ಮೊದಲು ಬನ್ನಿ, ಬಿಸಿ ಲದ್ದಿ ಕಂಡರೆ ಹಿಂದಿರುಗಿ.

ಮೊಬೈಲಿನ ನಕ್ಷೆ ನೋಡಿ ಬರುತ್ತೀರೆಂದು ಗೊತ್ತು. ಕಾಫಿ ತೋಟದ ಒಳದಾರಿಯನ್ನೂ ಅದು ಊರ ರಸ್ತೆಯಂತೆ ತೋರಿಸುತ್ತದೆ, ಬೇಲಿಯನ್ನು ತೋರಿಸುವುದಿಲ್ಲ. ಕಣಿವೆಗೆ ಇಳಿದ ಮೇಲೆ ಸಿಗ್ನಲ್ ಇರುವುದಿಲ್ಲ. 112ಕ್ಕೆ ಕರೆ ಮಾಡಲು ಒಬ್ಬರು ಗುಡ್ಡ ಹತ್ತಬೇಕು. ಅದಕ್ಕೇ ದಾರಿಯ ಕೊನೆಯ ಮನೆಯವರಿಗೆ ‘ಆರು ಮಂದಿ ಇದ್ದೇವೆ, ನಾಲ್ಕಕ್ಕೆ ವಾಪಸು ಬರುತ್ತೇವೆ’ ಎಂದು ಹೇಳಿ ಹೋಗಬೇಕು, ಬಂದ ಮೇಲೆ ‘ಬಂದೆವು’ ಎಂದೂ ಹೇಳಬೇಕು. ಎರಡನೆಯದನ್ನು ಮರೆತ ಹುಡುಗರಿಗಾಗಿ ಊರವರು ರಾತ್ರಿಯಿಡೀ ಟಾರ್ಚು ಹಿಡಿದು ತೋಡು ಹುಡುಕಿದ್ದೂ ಉಂಟು. ಹುಡುಗರು ಆಗ ಮೈಸೂರಿನಲ್ಲಿ ಮಲಗಿದ್ದರು.

ಮಳೆಗಾಲದಲ್ಲೇ ನೋಡಬೇಕೆಂಬ ಹಟವಿದ್ದರೆ ಮೆಟ್ಟಿಲು, ಕಟಕಟೆ ಇರುವಲ್ಲಿಗೆ ಹೋಗಿ. ಮಡಿಕೇರಿಯ ಹತ್ತಿರ ‘ಅಬ್ಬಿ’ ಎಂದೇ ಹೆಸರಾದ ಜಲಪಾತ ಇದೆ. ಬ್ರಹ್ಮಗಿರಿಯ ಬುಡದಲ್ಲಿ ಇರ್ಪು ಇದೆ. ಅಲ್ಲಿನ ರಾಮೇಶ್ವರ ದೇವಸ್ಥಾನದಿಂದ ನಡೆದರೆ ಲಕ್ಷ್ಮಣತೀರ್ಥ ನದಿ ಧುಮುಕುವುದು ಕಾಣುತ್ತದೆ. ನನ್ನನ್ನು ಕೇಳಿದರೆ ಸೋಮವಾರಪೇಟೆ ಕಡೆಯ ಮಲ್ಲಳ್ಳಿ. ಪುಷ್ಪಗಿರಿಯ ನೀರು ಹೊತ್ತ ಕುಮಾರಧಾರಾ ಸುಮಾರು 60 ಮೀಟರ್ ಧುಮುಕುವುದನ್ನು ಮೇಲಿನಿಂದಲೇ ನೋಡಬಹುದು; ತುಂತುರು ನಿಮ್ಮ ಮುಖದವರೆಗೆ ತಾನಾಗಿಯೇ ಬರುತ್ತದೆ, ನೀವು ಇಳಿಯಬೇಕಿಲ್ಲ. ಹೊರಡುವ ದಿನ ಹವಾಮಾನ ಇಲಾಖೆಯ ಬಣ್ಣ ನೋಡಿ. ಕಿತ್ತಳೆ ಎಂದರೆ 24 ಗಂಟೆಯಲ್ಲಿ 115 ಮಿಲಿಮೀಟರ್ ದಾಟುವ ಸಂಭವ, ಕೆಂಪು ಎಂದರೆ 204 ದಾಟುವ ಸಂಭವ. ಎರಡರಲ್ಲಿ ಯಾವುದಿದ್ದರೂ ಮೈಸೂರಿನಲ್ಲೇ ಇರಿ. ಪುಷ್ಪಗಿರಿ, ಬ್ರಹ್ಮಗಿರಿ ಎರಡೂ ವನ್ಯಧಾಮಗಳು. ಅಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು, ಗೇಟಿನಲ್ಲಿ ಗೋಗರೆದರೆ ಆಗದು.

ಮೇ ಸಂಚಿಕೆಯ ಅಬ್ಬಿಯೇ ಬೇಕು ಎನ್ನುವುದಾದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ (ನವೆಂಬರ್–ಡಿಸೆಂಬರ್) ಕಳೆದ ಮೇಲೆ ಬನ್ನಿ. ಗದ್ದೆಯ ಕೊಯ್ಲು ಮುಗಿದಿರುತ್ತದೆ, ಬದುವಿನ ಮೇಲೆ ನಡೆದರೆ ಯಾರಿಗೂ ತೊಂದರೆಯಿಲ್ಲ, ನೀರೂ ತಿಳಿಯಾಗಿರುತ್ತದೆ. ಹಿಂದಿನ ದಿನ ಕಚೇರಿಗೆ ಒಂದು ಫೋನ್ ಮಾಡಿ. ಕೊನೆಯ ಮನೆಯ ಅಜ್ಜನಿಗೆ ನಾನು ಹೇಳಿಡುತ್ತೇನೆ. ದಾರಿ ಅವರೇ ತೋರಿಸುತ್ತಾರೆ. ಅವರು ಮೊದಲು ಅಂಗಳದಲ್ಲಿ ನಿಂತು ಪಶ್ಚಿಮದ ಬೆಟ್ಟ ನೋಡುತ್ತಾರೆ, ಆಮೇಲೆ ನಿಮ್ಮ ಕಾಲಿನ ಶೂ ನೋಡುತ್ತಾರೆ. ‘ಇವತ್ತು ಬೇಡ’ ಎಂದರೆ ಅಲ್ಲೇ ಕಾಫಿ ಕುಡಿದು ವಾಪಸು ಬನ್ನಿ. ಹಗ್ಗ, ಕ್ಯಾನು ಮರೆಯಬೇಡಿ. ನನಗೆ ಮಂಡಿ ನೋವು, ಗದ್ದೆಯ ಬದುವಿನವರೆಗೆ ಮಾತ್ರ ಜೊತೆಗೆ ಬರಬಲ್ಲೆ.

– ಸಂ.